ಅಲಸಂಡೆ ಚಪ್ಪರದ ಪಂಚಾಯಿತಿಕೆ

ಶಾಲೆಯಲ್ಲಿ ಬೆತ್ತ ಹಿಡಿಯುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಕೆಳಗಿಟ್ಟ ಮೇಲೆ ಮಾಡುವುದೇನು ಎಂಬ ಚಿಂತೆ ಮೇಷ್ಟ್ರ ಪಾಲಿಗೆ ಉಳಿಯಿತು. ಕೇರಳದ ಗಡಿಯ ಮಂಜೇಶ್ವರದ ಕಡೆ ಕನ್ನಡ ಮಾಧ್ಯಮದಲ್ಲಿ ಪಾಠ ಮಾಡುವ ನಾನು, ತಪ್ಪು ಮಾಡಿದವರನ್ನೂ ಅದರಿಂದ ನೊಂದವರನ್ನೂ ಒಟ್ಟಿಗೆ ಕೂರಿಸುತ್ತೇನೆ. ನ್ಯೂಜಿಲೆಂಡ್ 1989ರಲ್ಲೇ ಬಾಲಾಪರಾಧಗಳಿಗೆ, ತಪ್ಪು ಮಾಡಿದವರ ಮನೆಯವರನ್ನೂ ಕೂರಿಸಿಕೊಂಡು ಮಾತಾಡುವ ಕುಟುಂಬಸಭೆಯ ಇಂಥ ಕ್ರಮವನ್ನು ಕಾನೂನಾಗಿಸಿತ್ತು. ಶಾಲೆಗಳಿಗೆ ಅದು ಹಬ್ಬಿದ್ದು ಆಮೇಲೆ.

ಐದನೆಯ ತರಗತಿಯ ಮಕ್ಕಳು ಬೆಳೆಸಿದ್ದ ಅಲಸಂಡೆ ಚಪ್ಪರವನ್ನು ಎಂಟನೆಯ ತರಗತಿಯ ಮೂವರು ಚೆಂಡು ಹುಡುಕುವ ನೆಪದಲ್ಲಿ ಕೆಡವಿದ್ದರು. ಮೊದಲು ಒಬ್ಬೊಬ್ಬರನ್ನೇ ಕರೆದು ಮಾತಾಡಿದೆ. 'ಯಾಕೆ ಮಾಡಿದೆ' ಎಂದು ನಾನು ಕೇಳುವುದಿಲ್ಲ. ಆ ಪ್ರಶ್ನೆಗೆ ಮಕ್ಕಳ ಬಳಿ ಸುಳ್ಳು ಸದಾ ಸಿದ್ಧವಿರುತ್ತದೆ. ಏನಾಯಿತು, ಆಗ ಮನಸ್ಸಿನಲ್ಲೇನಿತ್ತು, ಯಾರಿಗೆ ತೊಂದರೆಯಾಯಿತು, ಸರಿಪಡಿಸುವುದು ಹೇಗೆ ಎಂದಷ್ಟೇ ಕೇಳುತ್ತೇನೆ.

ಆಮೇಲೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದೆ. ಈ ಕೂಟದಲ್ಲಿ ಡಸ್ಟರ್ ಯಾರ ಕೈಯಲ್ಲಿದೆಯೋ ಅವರದೇ ಮಾತು. ತುಳುವಾದರೂ ಆಗಬಹುದು, ಮಲಯಾಳವಾದರೂ ಆಗಬಹುದು. ಸಿಟ್ಟು ಬಂದ ಮಗುವಿನಿಂದ ಪಠ್ಯಪುಸ್ತಕದ ಕನ್ನಡ ನಿರೀಕ್ಷಿಸುವುದು ಅನ್ಯಾಯ. ಮಧ್ಯಾಹ್ನದ ಊಟದ ಅಡುಗೆಯವರನ್ನೂ ಕರೆದಿದ್ದೆ. "ನಾಳೆ ಇದನ್ನೇ ಕೊಯ್ದು ಪಲ್ಯ ಮಾಡುತ್ತೇನೆಂದು ಈ ಪುಟ್ಟವರಿಗೆ ಹೇಳಿದ್ದೆನಲ್ಲ ಮಕ್ಕಳೇ" ಎಂದರು ಅವರು. ಅಷ್ಟು ಹೊತ್ತು ಹಂಚಿನ ಮಾಡು ನೋಡುತ್ತಿದ್ದ ಹುಡುಗನ ಕತ್ತು ಬಗ್ಗಿತು. ಅಡುಗೆಯವರು ಅವನ ಲೆಕ್ಕದಲ್ಲೇ ಇರಲಿಲ್ಲ. ಮೂವರೂ ಕ್ಷಮೆ ಕೇಳಲು ಎದ್ದಾಗ ಐದನೆಯ ತರಗತಿಯ ಹುಡುಗಿಯೊಬ್ಬಳು, "ಸಾರಿ ಬೇಡ, ಚಪ್ಪರ ಬೇಕು. ಭಾನುವಾರ ನೀರು ಹಾಕುವುದೂ ನೀವೇ" ಎಂದಳು. ಅಡಿಕೆ ಸಲಾಕೆ ತಂದು ಕಟ್ಟಿಕೊಟ್ಟರು. ಒಬ್ಬ ಒಂದು ಭಾನುವಾರ ತಪ್ಪಿಸಿಕೊಂಡ. ಸೋಮವಾರ ಅವನನ್ನು ವಿಚಾರಿಸಿಕೊಂಡವಳೂ ಅವಳೇ, ನಾನು ಬಾಯಿ ಹಾಕಲಿಲ್ಲ.

"ನಾಲ್ಕು ಬಿಗಿದಿದ್ದರೆ ಐದು ನಿಮಿಷದಲ್ಲಿ ಮುಗಿಯುತ್ತಿತ್ತಲ್ಲ ಮಾಷ್ಟ್ರೇ" ಎಂದು ರಕ್ಷಕ ಶಿಕ್ಷಕ ಸಂಘದ ಸಭೆಯಲ್ಲಿ ಒಬ್ಬರು ನಕ್ಕರು. ಮುಗಿಯುತ್ತಿತ್ತು, ನಿಜ, ಚಪ್ಪರ ಮಾತ್ರ ನೆಲದಲ್ಲೇ ಬಿದ್ದಿರುತ್ತಿತ್ತು.

ಎಲ್ಲದಕ್ಕೂ ಈ ಕೂಟ ಒದಗುವುದಿಲ್ಲ. ಹೊಡೆದಾಟವಾದರೆ ಅಂದೇ ಕೂರಿಸುವುದಿಲ್ಲ, ಬಿಸಿ ಆರಬೇಕು. ನೊಂದ ಮಗುವಿಗೆ ಎದುರು ಕೂರಲು ಮನಸ್ಸಿಲ್ಲದಿದ್ದರೆ ಒತ್ತಾಯಿಸಬಾರದು. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರಂತೂ ರಾಜಿಯ ಮಾತೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು.