ಹಿತ್ತಾಳೆ ಇಣುಕದ ಗಟ್ಟಿ ಬಣ್ಣ: ಮನೆಯಲ್ಲೇ ರೆಸಿನ್ ಪೆನ್ ಬ್ಲ್ಯಾಂಕ್

ಲೋಟದಲ್ಲಿ ಕಡುಗೆಂಪಾಗಿದ್ದ ರೆಸಿನ್ ಲೇತ್‌ನಲ್ಲಿ ಕಡೆದು ಪೆನ್ನಾದಾಗ ಮಾಸಲು ಕಿತ್ತಳೆಗೆ ತಿರುಗಿದರೆ, ಒಳಗಿನ ಹಿತ್ತಾಳೆ ಕೊಳವೆ ಇಣುಕುತ್ತಿದೆ ಎಂದರ್ಥ. ಸ್ಲಿಮ್‌ಲೈನ್ ಎಂಬ ತೆಳು ಮಾದರಿಯ ಪೆನ್ನಿನ ಕೊಳವೆ 7 ಮಿ.ಮೀ. ದಪ್ಪ. ಕಡೆದು ಮುಗಿದಾಗ ತುದಿಯ ವ್ಯಾಸ ಎಂಟೂಕಾಲು ಮಿ.ಮೀ. ಆಸುಪಾಸು. ಕೊಳವೆಯ ಮೇಲೆ ಅಲ್ಲಿ ಉಳಿಯುವ ರೆಸಿನ್ ಮುಕ್ಕಾಲು ಮಿ.ಮೀ.ಗೂ ಕಡಿಮೆ. ಬಣ್ಣ ಸಾಕೇ ಎಂದು ಪರೀಕ್ಷಿಸಬೇಕಾದದ್ದು ಇಷ್ಟು ತೆಳುವಾದ ಪದರದಲ್ಲಿ.

ಅಳತೆ ಮತ್ತು ಬಣ್ಣ

19 ಮಿ.ಮೀ. ಚೌಕದ, 130 ಮಿ.ಮೀ. ಉದ್ದದ ಬ್ಲ್ಯಾಂಕ್ (ತೂತು ಕೊರೆದು, ಕೊಳವೆ ಕೂರಿಸಿ ಪೆನ್ನಾಗಿ ಕಡೆಯುವ ಎರಕದ ತುಂಡು) ಒಂದಕ್ಕೆ ಸುಮಾರು 47 ಮಿ.ಲೀ. ರೆಸಿನ್ ಹಿಡಿಯುತ್ತದೆ. ನಾಲ್ಕಕ್ಕೆ, ಲೋಟಕ್ಕೆ ಅಂಟಿ ಹೋಗುವುದನ್ನೂ ಸೇರಿಸಿ, 225 ಗ್ರಾಂ ಎಪಾಕ್ಸಿ (ರೆಸಿನ್ ಮತ್ತು ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಸೇರಿ) ತೆಗೆದುಕೊಳ್ಳಿ. ಡಬ್ಬಿಯ ಮೇಲೆ ತೂಕದಲ್ಲಿ 100:50 ಎಂದಿದ್ದರೆ ರೆಸಿನ್ 150 ಗ್ರಾಂ, ಹಾರ್ಡ್‌ನರ್ 75 ಗ್ರಾಂ. ಅನುಪಾತ ತೂಕಕ್ಕೋ ಗಾತ್ರಕ್ಕೋ ಎಂದು ಮೊದಲು ಓದಿಕೊಳ್ಳಿ; ಎರಡೂ ಒಂದೇ ಅಲ್ಲ. ಟೇಬಲ್ ಮೇಲೆ ತೆಳ್ಳಗೆ ಸುರಿಯುವ ರೆಸಿನ್ ಬೇಡ, ದಪ್ಪ ಎರಕಕ್ಕೆಂದೇ ಮಾಡಿದ್ದನ್ನು ತನ್ನಿ. ತೆಳು ಪದರದ ರೆಸಿನ್ ದಪ್ಪಗೆ ಎರೆದರೆ ತನ್ನ ಬಿಸಿಗೇ ಕುದ್ದು ಹಳದಿಯಾಗುತ್ತದೆ, ಬಿರುಕೂ ಬಿಡುತ್ತದೆ.

ಬಣ್ಣಕ್ಕೆ ಎಪಾಕ್ಸಿಗೆ ಹೊಂದುವ ಪಿಗ್ಮೆಂಟ್ ಪೇಸ್ಟ್ ಬಳಸಿ, ಒಟ್ಟು ತೂಕದ ಶೇ 3ರಷ್ಟು. 225 ಗ್ರಾಂಗೆ 7 ಗ್ರಾಂ ಸಾಕು. ಶೇ 6 ದಾಟಿದರೆ ರೆಸಿನ್ ಮೆತ್ತಗೇ ಉಳಿಯುವ ಭಯವಿದೆ. ಕಪ್ಪಿಗೆ ಶೇ 1 ಸಾಲುತ್ತದೆ. ಮೈಕಾ ಪುಡಿ ಬೇಡ: ಅದರ ಹೊಳೆಯುವ ಚೂರುಗಳು ಹರಿದ ದಿಕ್ಕಿಗೆ ಮಲಗಿ ಅಲೆಅಲೆಯಾಗಿ ಕಾಣುತ್ತವೆ. ನೀರು ಬೆರೆತ ಪೋಸ್ಟರ್ ಬಣ್ಣವಂತೂ ಖಂಡಿತ ಬೇಡ.

ಹಳದಿ ಮತ್ತು ಕೆಂಪು ಪಿಗ್ಮೆಂಟ್‌ಗಳಲ್ಲಿ ಹಲವು ಅರೆಪಾರದರ್ಶಕ. ಹಳದಿಗೆ ಚಿಟಿಕೆ ಬಿಳಿ ಪೇಸ್ಟ್ ಸೇರಿಸಿದರೆ ಗಟ್ಟಿಯಾಗುತ್ತದೆ. ಕೆಂಪಿಗೆ ಬಿಳಿ ಹಾಕಿದರೆ ಗುಲಾಬಿಯಾಗುವುದರಿಂದ ಅಲ್ಲಿ ಕೊಳವೆಗೇ ಬಣ್ಣ ಬಳಿಯುವುದು ಸರಿಯಾದ ದಾರಿ.

ಪರೀಕ್ಷೆ ಸುಲಭ. ಬಿಳಿ ರಟ್ಟಿನ ಮೇಲೆ ಮಾರ್ಕರ್‌ನಿಂದ ಕಪ್ಪು ಗೆರೆ ಎಳೆದು ಪಾರದರ್ಶಕ ಟೇಪ್ ಅಂಟಿಸಿ. ಹಾರ್ಡ್‌ನರ್ ಹಾಕುವ ಮೊದಲೇ ಬಣ್ಣದ ರೆಸಿನ್ ಒಂದು ಹನಿ ಅದರ ಮೇಲಿಟ್ಟು ಐಸ್‌ಕ್ರೀಂ ಕಡ್ಡಿಯಿಂದ ತೆಳ್ಳಗೆ ಎಳೆಯಿರಿ. ಗೆರೆ ಕಂಡರೆ ನಾಳೆ ಹಿತ್ತಾಳೆಯೂ ಕಾಣುತ್ತದೆ.

ಕಲಸಿ ಎರೆಯುವುದು

ಪೇಸ್ಟನ್ನು ಮೊದಲು ಎರಡು ಚಮಚ ರೆಸಿನ್‌ನಲ್ಲಿ ಗಂಟಿಲ್ಲದಂತೆ ತೇಯ್ದು, ಆಮೇಲೆ ಉಳಿದದ್ದಕ್ಕೆ ಸೇರಿಸಿ. ಹಾರ್ಡ್‌ನರ್ ಹಾಕಿ ಮೂರು ನಿಮಿಷ ನಿಧಾನವಾಗಿ ಕಲಕಿ, ತಳ ಮತ್ತು ಅಂಚು ಕೆರೆಯುತ್ತಿರಿ. ನಂತರ ಎಲ್ಲವನ್ನೂ ಹೊಸ ಲೋಟಕ್ಕೆ ಸುರಿದು ಇನ್ನೊಂದು ನಿಮಿಷ ಕಲಕಿ. ಹಳೆಯ ಲೋಟದ ಗೋಡೆಗೆ ಅಂಟಿದ್ದನ್ನು ಕೆರೆದು ಅಚ್ಚಿಗೆ ಹಾಕಬೇಡಿ. ಬ್ಲ್ಯಾಂಕ್‌ನಲ್ಲಿ ಕಾಣುವ ಗೀರು ಮತ್ತು ಅಂಟಂಟು ಜಾಗಗಳಿಗೆ ಹೆಚ್ಚಿನ ಸಲ ಕಾರಣ ಅದೇ.

ತಕ್ಷಣ ಎರೆಯಬೇಡಿ. ಬಿಳಿ ಬಣ್ಣದ ಟೈಟಾನಿಯಂ ಡೈಆಕ್ಸೈಡ್ ರೆಸಿನ್‌ಗಿಂತ ಮೂರು ಪಟ್ಟಿಗೂ ಹೆಚ್ಚು ಸಾಂದ್ರ. ತೆಳ್ಳಗಿದ್ದಾಗ ಎರೆದರೆ ತಳಕ್ಕೆ ಇಳಿದು ಒಂದು ಮುಖ ಬಿಳಿಚಿ, ಇನ್ನೊಂದು ಕಡುವಾಗುತ್ತದೆ. ಆಗಾಗ ಕಲಕುತ್ತ, ಜೋನಿಬೆಲ್ಲದ ಹದಕ್ಕೆ ಬಂದಾಗ ಅಚ್ಚಿನ ಒಂದೇ ಮೂಲೆಯಿಂದ ಸಣ್ಣ ಧಾರೆಯಾಗಿ ಬಿಡಿ. ಲೋಟ ಕೈಗೆ ಬಿಸಿ ತಟ್ಟಿದರೆ ಕಾಯಬೇಡಿ, ಆಗಲೇ ಸುರಿಯಿರಿ. ಗುಳ್ಳೆ ಕುಗ್ಗಿಸುವ ಒತ್ತಡದ ಪಾತ್ರೆಯಿದ್ದರೆ ಅಚ್ಚನ್ನು ಅದರ ಮಿತಿಯೊಳಗೇ 40ರಿಂದ 50 ಪಿಎಸ್‌ಐ ಒತ್ತಡದಲ್ಲಿ, ರೆಸಿನ್ ಗಟ್ಟಿಯಾಗುವ ತನಕ ಇಡಿ. ಅಡುಗೆಯ ಕುಕ್ಕರ್ ಈ ಕೆಲಸಕ್ಕಲ್ಲ.

ಮಳೆಗಾಲದ ಮಾತು

ಜುಲೈಯಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಇಡೀ ದಿನ ತೇವ, ಚಳಿ. ತಣ್ಣಗಿನ ರೆಸಿನ್ ದಪ್ಪಗಾಗಿ ಗುಳ್ಳೆ ಬಿಡುವುದಿಲ್ಲ, ಗಟ್ಟಿಯಾಗಲೂ ತಡ. ರೆಸಿನ್ ಬಾಟಲಿಯನ್ನು ಮುಚ್ಚಳ ಬಿಗಿದು 45 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು, ಹೊರಮೈ ಪೂರ್ತಿ ಒರೆಸಿಯೇ ತೆರೆಯಿರಿ. ಎರೆದ ಅಚ್ಚನ್ನು ಥರ್ಮಾಕೋಲ್ ಪೆಟ್ಟಿಗೆಯಲ್ಲಿ, ಬಿಗಿಯಾಗಿ ಮುಚ್ಚಿದ ಬಿಸಿನೀರಿನ ಬಾಟಲಿಗಳ ಪಕ್ಕ ಇಡಿ. ಹಾರ್ಡ್‌ನರ್ ಗಾಳಿಯ ತೇವದ ಜೊತೆ ಸೇರಿ ಮೇಲ್ಮೈಗೆ ಮೇಣದಂಥ ಜಿಡ್ಡು ಬಂದರೆ ಉಗುರುಬೆಚ್ಚಗಿನ ಸೋಪು ನೀರಿನಿಂದ ತೊಳೆದರಾಯಿತು. ಪಾಲಿಯುರಿಥೇನ್ ರೆಸಿನ್ ಮಾತ್ರ ತೇವಕ್ಕೆ ನೊರೆಯಾಗಿ ಉಬ್ಬುತ್ತದೆ. ಮಳೆಗಾಲದಲ್ಲಿ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಕಾಫಿ ಗಿಡದ ಕಾಂಡ ಸೇರಿಸಿ ಎರೆಯುವವರು ತುಂಡನ್ನು ಶೇ 10ಕ್ಕಿಂತ ಕಡಿಮೆ ತೇವಕ್ಕೆ ಒಣಗಿಸಿ, ಹಿಂದಿನ ದಿನವೇ ತೆಳು ರೆಸಿನ್ ಬಳಿದಿಡಿ. ಇಲ್ಲದಿದ್ದರೆ ಮರದೊಳಗಿನ ಗಾಳಿ ಗುಳ್ಳೆಯಾಗಿ ಬಣ್ಣದೊಳಕ್ಕೆ ಬರುತ್ತದೆ.

ಕೊರೆದು ಕಡೆಯುವ ಮೊದಲು

ಮೂರು ದಿನ ಬಿಡಿ. ಡ್ರಿಲ್ ಬಿಟ್ ಆಗಾಗ ಹೊರಗೆಳೆದು ಪುಡಿ ಕಳಚುತ್ತ, ನಿಧಾನವಾಗಿ ಕೊರೆಯಿರಿ. ಬಿಸಿಯಾದರೆ ತೂತಿನ ಸುತ್ತ ಸೀಳುತ್ತದೆ. ಹಿತ್ತಾಳೆ ಕೊಳವೆಯನ್ನು 150 ನಂಬರಿನ ಉಜ್ಜುಕಾಗದದಿಂದ ಒರಟು ಮಾಡಿ, ಬ್ಲ್ಯಾಂಕಿನದೇ ಬಣ್ಣ ಬಳಿದು ಪೂರ್ತಿ ಒಣಗಿಸಿ. ತೂತಿನ ಒಳಗೋಡೆಗೂ ಒಂದು ತೆಳು ಕೈ ಹಚ್ಚಿ. ಅಂಟಿಗೂ ಅದೇ ಪಿಗ್ಮೆಂಟ್ ಒಂದು ಹನಿ ಬೆರೆಸಿದ ಎಪಾಕ್ಸಿ ಇರಲಿ. ಬಣ್ಣವಿಲ್ಲದ ಅಂಟು ಒಂದೆಡೆ ತುಂಬಿ ಇನ್ನೊಂದೆಡೆ ಖಾಲಿ ಉಳಿದರೆ, ಆ ಖಾಲಿ ಜಾಗ ಕಡೆದ ಮೇಲೆ ಮಚ್ಚೆಯಾಗಿ ಕಾಣುತ್ತದೆ. ಕೊಳವೆಯನ್ನು ತಿರುಗಿಸುತ್ತ ಒಳಕ್ಕೆ ತಳ್ಳಿ, ಅರ್ಧ ಹೊರಗೆಳೆದು ಮತ್ತೆ ತಳ್ಳಿ; ಎರಡೂ ತುದಿಯಲ್ಲಿ ಬಣ್ಣದ ಅಂಟಿನ ಉಂಗುರ ಮೂಡಿದರೆ ಒಳಗೆ ಪೂರ್ತಿ ಹರಡಿದೆ.