ಕಾಡು-ಗುಡ್ಡದ ಸುತ್ತುದಾರಿ: ತಪ್ಪದೆ ಹೊರಟಲ್ಲಿಗೇ ಬರುವುದು ಹೇಗೆ?

ಹೋದ ದಾರಿಯಲ್ಲೇ ವಾಪಸ್ ಬರುವ ನಡಿಗೆ ಸುಲಭ. ನೋಡಿದ ಮರ, ದಾಟಿದ ಹಳ್ಳ ಮತ್ತೆ ಎದುರಾಗುತ್ತವೆ. ಸುತ್ತುದಾರಿ ಹಾಗಲ್ಲ. ಕೊನೆಯ ಹೆಜ್ಜೆಯವರೆಗೂ ಪ್ರತಿ ತಿರುವೂ ಹೊಸದು. ಅದಕ್ಕೇ ನನಗೆ ಅದು ಇಷ್ಟ. ಆದರೆ ಅಲ್ಲಿ ಕಾಲು ಸೋತು ಕಷ್ಟಪಟ್ಟವರನ್ನು ನಾನು ಕಂಡಿದ್ದು ಕಡಿಮೆ. ಕವಲಿನಲ್ಲಿ ನಿಲ್ಲದೆ ನಡೆದು ದಾರಿ ತಪ್ಪಿದವರೇ ಜಾಸ್ತಿ.

1. ಸಮಯದ ಲೆಕ್ಕ ಹಾಕಿ

ಬರೀ ಕಿಲೋಮೀಟರ್ ನೋಡಿ ಹೊರಡಬೇಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಹೇಳಿದ ಲೆಕ್ಕವನ್ನು ಇವತ್ತಿಗೂ ಬಳಸುತ್ತಾರೆ. ಈಗಿನ ಅಳತೆಯಲ್ಲಿ 5 ಕಿ.ಮೀ.ಗೆ ಒಂದು ಗಂಟೆ, ಏರುವ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. 10 ಕಿ.ಮೀ. ಸುತ್ತು, 300 ಮೀಟರ್ ಏರು ಅಂದರೆ ಎರಡೂವರೆ ಗಂಟೆ. ಇದು ಎಲ್ಲೂ ನಿಲ್ಲದೆ ನಡೆಯುವವರ ಲೆಕ್ಕ. ನಾನು ಅದರ ಅರ್ಧದಷ್ಟು ಮತ್ತೆ ಸೇರಿಸುತ್ತೇನೆ. ಏರು ಅಂದರೆ ಅತಿ ಎತ್ತರದ ಗುಡ್ಡ ಒಂದೇ ಅಲ್ಲ, ನಡುವೆ ಹತ್ತುವ ಸಣ್ಣ ದಿಬ್ಬಗಳನ್ನೂ ಕೂಡಿಸಬೇಕು. ಮರಗಳ ಕೆಳಗೆ ಕತ್ತಲೆ ಬೇಗ ಬರುತ್ತದೆ. ಸೂರ್ಯ ಮುಳುಗುವ ಒಂದು ಗಂಟೆ ಮೊದಲೇ ಮುಗಿಯುವಂತೆ ಹೊರಡಿ.

2. ಯಾವ ಕಡೆಯಿಂದ ಸುತ್ತಬೇಕು?

ಕಡಿದಾದ ಕಡೆ ಹತ್ತಿ, ನಿಧಾನ ಇಳಿಜಾರಿನ ಕಡೆ ಇಳಿಯಿರಿ. ಮೊಣಕಾಲು ನೋಯುವುದು ಇಳಿಯುವಾಗಲೇ. ಮ್ಯಾಪಿನಲ್ಲಿ ಕಾಂಟೂರ್ ಗೆರೆಗಳು (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಒತ್ತೊತ್ತಾಗಿದ್ದರೆ ಅಲ್ಲಿ ಕಡಿದು. ಇನ್ನೊಂದು ವಿಷಯ ತಲೆಯಲ್ಲಿರಲಿ: ಪ್ರದಕ್ಷಿಣೆಯಾಗಿ ಹೊರಟರೆ ಸುತ್ತಿನ ಒಳಭಾಗ ನಿಮ್ಮ ಬಲಗೈ ಕಡೆಗೇ ಇರುತ್ತದೆ.

3. ಚೀಲ

ನೀರು, ಟಾರ್ಚ್, ಸೀಟಿ, ಮಳೆ ಕೋಟು, ಕಾಗದದ ಮ್ಯಾಪ್, ದಿಕ್ಸೂಚಿ. ಇಷ್ಟು ಸಾಕು.

ಜೀನ್ಸ್ ಬೇಡ. ಒದ್ದೆಯಾದರೆ ಭಾರ, ಬೇಗ ಒಣಗುವುದೂ ಇಲ್ಲ. ಅಯಸ್ಕಾಂತ ಇರುವ ಫೋನ್ ಕವರ್ ಅಂತೂ ಬೇಡವೇ ಬೇಡ, ಅದು ಫೋನಿನ ದಿಕ್ಸೂಚಿಯನ್ನೇ ಕೆಡಿಸುತ್ತದೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ನೆಟ್‌ವರ್ಕ್ ಇಲ್ಲದಿದ್ದರೂ ಜಿಪಿಎಸ್ ಕೆಲಸ ಮಾಡುತ್ತದೆ. ಆದರೆ ಸಿಗ್ನಲ್ ಹುಡುಕಿ ಹುಡುಕಿ ಬ್ಯಾಟರಿ ಖಾಲಿಯಾಗುತ್ತದೆ.

4. ಕವಲು

ಇಲ್ಲಿ ನಿಧಾನವಾಗಿ ಓದಿ.

ಕವಲು ಬಂತು ಅಂದರೆ ನಿಲ್ಲಿ. ಮಾತೂ ನಿಲ್ಲಲಿ. ಮಾತಾಡುತ್ತಾ ನಡೆಯುವವರನ್ನು ಅಗಲವಾದ ದಾರಿ ತಾನಾಗಿ ಎಳೆದುಕೊಳ್ಳುತ್ತದೆ. ಒಮ್ಮೆ ನಾವೂ ಹಾಗೇ ಹೋದೆವು. ಕೆಸರಿನಲ್ಲಿ ಟೈರಿನ ಗುರುತು, ಎರಡು ಆಳು ಅಗಲದ ದಾರಿ, ಅನುಮಾನವೇ ಬರಲಿಲ್ಲ. ಅರ್ಧ ಗಂಟೆ ಆದಮೇಲೆ ದಾರಿ ಸುಮ್ನೆ ಮುಗಿದುಹೋಯಿತು. ಕಡಿದ ಮರದ ಬುಡಗಳು, ತೊಗಟೆಯ ರಾಶಿ, ಮುಂದೆ ಬರೀ ಪೊದೆ. ಮರ ಸಾಗಿಸಲು ಮಾಡಿದ ದಾರಿ ಅದು. ನಮ್ಮ ಕಾಲುದಾರಿ ಹಿಂದೆಯೇ, ಬಿದ್ದ ಮರವೊಂದರ ಪಕ್ಕದಲ್ಲಿ ಎಡಕ್ಕೆ ಹೊರಳಿತ್ತು. ಒಂದಡಿ ಅಗಲ, ಮೇಲೆಲ್ಲ ತರಗೆಲೆ.

ಅದಕ್ಕೇ ಹೀಗೆ ಮಾಡಿ. ಮ್ಯಾಪಿನ ಮೇಲ್ಭಾಗ ಉತ್ತರಕ್ಕೆ ಬರುವಂತೆ ತಿರುಗಿಸಿ ಹಿಡಿಯಿರಿ. ಅಕ್ಷರ ತಲೆಕೆಳಗಾದರೆ ಆಗಲಿ. ಈಗ ಮ್ಯಾಪಿನಲ್ಲಿ ನಿಮ್ಮ ಎಡಗೈ ಕಡೆ ಕಾಣುವ ದಾರಿ ನೆಲದ ಮೇಲೂ ನಿಮ್ಮ ಎಡಕ್ಕೇ ಇರುತ್ತದೆ. ಆಮೇಲೆ ದಾರಿಗಳನ್ನು ಎಣಿಸಿ. ಮ್ಯಾಪಿನಲ್ಲಿ ಮೂರು, ಕಣ್ಣಿಗೆ ನಾಲ್ಕು ಕಂಡರೆ ಒಂದು ಪ್ರಾಣಿಗಳ ಜಾಡಿರಬಹುದು. ನೆಲ ತುಳಿದು ಗಟ್ಟಿಯಾಗಿದ್ದರೂ ಎದೆಮಟ್ಟದಲ್ಲಿ ಕೊಂಬೆಗಳು ಅಡ್ಡ ಬರುತ್ತಿದ್ದರೆ ಹೆಚ್ಚಾಗಿ ಅದು ಮನುಷ್ಯರು ಓಡಾಡುವ ದಾರಿಯಲ್ಲ.

ದಾರಿ ಆರಿಸಿಕೊಂಡ ಮೇಲೂ ಎರಡು ಕೆಲಸ ಇವೆ. ಹತ್ತು ಹೆಜ್ಜೆ ಹೋಗಿ ಹಿಂದಿರುಗಿ ನೋಡಿ, ಒಂದು ಫೋಟೋ ತೆಗೆಯಿರಿ. ಅದೇ ಕವಲು ಆ ಕಡೆಯಿಂದ ಬೇರೆಯೇ ಥರ ಕಾಣುತ್ತದೆ. ಆಮೇಲೆ ಮುಂದೆ ಏನು ಬರಬೇಕು ಅಂತ ಜೋರಾಗಿ ಹೇಳಿ: ‘ದಾರಿ ಇಳಿಯಬೇಕು, ಹತ್ತು ನಿಮಿಷದಲ್ಲಿ ಎಡಗಡೆ ಹಳ್ಳ ಸಿಗಬೇಕು.’ ಗಡಿಯಾರ ನೋಡಿಕೊಳ್ಳಿ. ಹದಿನೈದು ನಿಮಿಷವಾದರೂ ಹಳ್ಳ ಬರಲಿಲ್ಲವೇ? ತಿರುಗಿ ಬನ್ನಿ. ‘ಇನ್ನೊಂದು ಸ್ವಲ್ಪ ನೋಡೋಣ’ ಅನ್ನುವ ಮಾತಿಗೆ ಜಗ್ಗಬೇಡಿ.

5. ಅಡ್ಡ ಹಾಯುವ ಆಸೆ

ಅರ್ಧ ಸುತ್ತು ಮುಗಿದ ಮೇಲೆ ಯಾರಾದರೂ ಹೇಳೇ ಹೇಳುತ್ತಾರೆ, ‘ಹೊರಟ ಜಾಗ ಇಲ್ಲೇ ಗುಡ್ಡದ ಆಚೆ ಅಲ್ವಾ, ನೇರ ನುಗ್ಗಿಬಿಡೋಣ.’ ಬೇಡ. ಕಾಡಿನಲ್ಲಿ ನೇರ ನಡೆಯುವುದು ಅಷ್ಟು ಸುಲಭವಲ್ಲ. ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು ಜನರನ್ನು ಕಾಡಿನಲ್ಲಿ ನೇರ ನಡೆಯಲು ಬಿಟ್ಟು ನೋಡಿದರು. ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಮೋಡ ಕವಿದು ಸೂರ್ಯ ಕಾಣದಿದ್ದಾಗ ಅವರು ಸುತ್ತು ಹೊಡೆದು, ತಾವು ಬಂದ ದಾರಿಯನ್ನೇ ಗೊತ್ತಿಲ್ಲದೆ ದಾಟಿದ್ದರು.

6. ತಪ್ಪಿಯೇ ಹೋದರೆ

ಖಚಿತವಾಗಿ ಗೊತ್ತಿದ್ದ ಕೊನೆಯ ಜಾಗಕ್ಕೆ ವಾಪಸ್ ನಡೆಯಿರಿ. ಅದೂ ಸಿಗದಿದ್ದರೆ ಅಲೆಯಬೇಡಿ, ಒಂದೇ ಕಡೆ ಕೂರಿ. ಒಂದು ನಿಮಿಷದಲ್ಲಿ ಆರು ಸಲ ಸೀಟಿ ಊದಿ, ಒಂದು ನಿಮಿಷ ಸುಮ್ಮನಿದ್ದು ಮತ್ತೆ ಊದಿ. ಬೆಟ್ಟ ಹತ್ತುವವರು ಸಹಾಯ ಕೇಳುವ ರೀತಿ ಇದು. ನಿಮಿಷಕ್ಕೆ ಮೂರು ಸಲ ಸೀಟಿ ಕೇಳಿದರೆ ಅದು ಉತ್ತರ.

7. ಬಂದ ಮೇಲೆ

ಮಂಡಿಯ ಹಿಂದೆ, ಸೊಂಟದ ಸುತ್ತ, ಕಿವಿಯ ಹಿಂದೆ ಉಣ್ಣಿ ಕಚ್ಚಿದೆಯಾ ನೋಡಿ. ಬೆಂಕಿ ತಾಗಿಸುವುದು, ಎಣ್ಣೆ ಹಚ್ಚುವುದು ಬೇಡ. ಸಣ್ಣ ಚಿಮಟದಲ್ಲಿ ಚರ್ಮಕ್ಕೆ ಅಂಟಿದಂತೆ ಹಿಡಿದು, ತಿರುಚದೆ, ನೇರವಾಗಿ ಮೇಲಕ್ಕೆ ಎಳೆಯಿರಿ. ಆ ಜಾಗವನ್ನು ಸೋಪು ಹಾಕಿ ತೊಳೆಯಿರಿ. ಮುಂದಿನ ದಿನಗಳಲ್ಲಿ ಜ್ವರ ಬಂದರೆ ಡಾಕ್ಟರಿಗೆ ಉಣ್ಣಿ ಕಚ್ಚಿದ್ದನ್ನು ಮರೆಯದೆ ಹೇಳಿ.