ಮೊದಲ ಮೂರು ಸೀಸನ್: ವೃತ್ತಿಗೆ ಕಾಲಿಡುವ ಸ್ಟ್ರೈಕರ್‌ಗಳಿಗೆ

17ರಿಂದ 20ರ ವಯಸ್ಸಿನ ಸ್ಟ್ರೈಕರ್‌ಗೆ ಎದೆಯ ಮೇಲೆ ಯಾವ ಕ್ಲಬ್‌ನ ಲಾಂಛನ ಇದೆ ಅನ್ನುವುದಕ್ಕಿಂತ, ಆ ಸೀಸನ್‌ನಲ್ಲಿ ಎಷ್ಟು ನಿಮಿಷ ಆಡಲು ಸಿಕ್ಕಿತು ಅನ್ನುವುದೇ ದೊಡ್ಡದು. ಪಾಸ್, ಓಟ, ಹೊಡೆತ ಎಲ್ಲವನ್ನೂ ಪ್ರ್ಯಾಕ್ಟೀಸ್‌ನಲ್ಲಿ ಕಲಿಯಬಹುದು. ಆದರೆ 70ನೇ ನಿಮಿಷದ ಹೊತ್ತಿಗೆ ಸೆಂಟರ್ ಬ್ಯಾಕ್ ಸುಸ್ತಾಗಿ ಒಂದು ಹೆಜ್ಜೆ ತಡವಾಗಿ ತಿರುಗುತ್ತಿದ್ದಾನೆ ಎಂದು ಗುರುತಿಸುವುದು, ಎರಡು ಅವಕಾಶ ಕೈಚೆಲ್ಲಿದ ಮೇಲೂ ಮೂರನೆಯದಕ್ಕೆ ಅದೇ ವೇಗದಲ್ಲಿ ಓಡುವುದು, ಇವು ಪಂದ್ಯ ಆಡದೆ ಬರುವುದಿಲ್ಲ. ಕ್ಲಬ್ ಆಯ್ಕೆಯಿಂದ ಒಪ್ಪಂದದ ಸಹಿಯವರೆಗೆ ಮುಂದೆ ಹೇಳಿರುವುದೆಲ್ಲ ಆ ನಿಮಿಷಗಳನ್ನು ಗಳಿಸಿ ಉಳಿಸಿಕೊಳ್ಳುವ ಬಗ್ಗೆ.

ಎಲ್ಲಿ ಆಡಬೇಕು

ದೇಶದ ಉನ್ನತ ಲೀಗ್ ಆದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ಹೆಚ್ಚಿನ ತಂಡಗಳು 9ನೇ ನಂಬರಿನ, ಅಂದರೆ ನಡುಮಧ್ಯದ ಸ್ಟ್ರೈಕರ್ ಜಾಗಕ್ಕೆ ವಿದೇಶಿ ಆಟಗಾರನನ್ನೇ ತರುತ್ತವೆ. ನಮ್ಮ ಹುಡುಗರಿಗೆ ಉಳಿಯುವುದು ವಿಂಗ್, ಇಲ್ಲವೇ ಕೊನೆಯ ಹತ್ತು ನಿಮಿಷ. ಹಾಗಾಗಿ ಕ್ಲಬ್ ಒಪ್ಪಿಕೊಳ್ಳುವ ಮೊದಲು ಕೋಚ್ ಹತ್ತಿರ ನೇರವಾಗಿ ಕೇಳಿ: ತಂಡದಲ್ಲಿ ಈಗ ಎಷ್ಟು ಜನ ಸ್ಟ್ರೈಕರ್ ಇದ್ದಾರೆ? ಮುಂದೆ ಒಬ್ಬನನ್ನು ಆಡಿಸುತ್ತೀರೋ ಇಬ್ಬರನ್ನೋ? ರಿಸರ್ವ್ ತಂಡಕ್ಕೆ ವರ್ಷಕ್ಕೆ ಎಷ್ಟು ಪಂದ್ಯ? ಕಳೆದ ಎರಡು ವರ್ಷದಲ್ಲಿ ರಿಸರ್ವ್‌ನಿಂದ ಮೊದಲ ತಂಡಕ್ಕೆ ಹೋದವರು ಯಾರು? ಕೊನೆಯ ಪ್ರಶ್ನೆಗೆ ಹೆಸರು ಸಿಗದಿದ್ದರೆ ಉತ್ತರ ಸಿಕ್ಕಂತೆಯೇ.

ಬೆಂಗಳೂರಿನಲ್ಲಿ ಕೆಎಸ್‌ಎಫ್‌ಎ (ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ) ಲೀಗ್‌ನ ಸಿ, ಬಿ, ಎ ಡಿವಿಷನ್‌ಗಳ ಮೇಲೆ ಸೂಪರ್ ಡಿವಿಷನ್ ಇದೆ. ಅಕಾಡೆಮಿಯಲ್ಲಿ ತನ್ನ ವಯಸ್ಸಿನವರ ಮೇಲೆ ಸುಲಭವಾಗಿ ಗೋಲು ಹೊಡೆಯುತ್ತಿದ್ದ ಹುಡುಗ ಇಲ್ಲಿ ಎಎಸ್‌ಸಿ, ಎಂಇಜಿಯಂಥ ಸೇನಾ ತಂಡಗಳ ಡಿಫೆಂಡರ್‌ಗಳ ಎದುರು ನಿಲ್ಲಬೇಕಾಗುತ್ತದೆ. ಅವರ ಭುಜಕ್ಕೆ ಭುಜ ಕೊಟ್ಟು ಒಂದು ಸೀಸನ್ ಆಡಿದವನು ಮೈಯ ಆಟ ಏನೆಂದು ಕಲಿತಿರುತ್ತಾನೆ. ರಾಜ್ಯಗಳ ನಡುವಿನ ಟೂರ್ನಿಯಾದ ಸಂತೋಷ್ ಟ್ರೋಫಿಯ ರಾಜ್ಯ ತಂಡಕ್ಕೆ ಆಯ್ಕೆಗಾರರು ಹುಡುಗರನ್ನು ನೋಡುವುದೂ ಇಲ್ಲೇ. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ಆ ಟ್ರೋಫಿ ಗೆದ್ದಿತು. ಇನ್ನೊಂದು ದಾರಿ ಐಎಸ್‌ಎಲ್ ಕ್ಲಬ್‌ಗಳ ಕಿರಿಯರ ತಂಡಗಳದ್ದು. ಬೆಂಗಳೂರು ಎಫ್‌ಸಿಯ ಶಿವಶಕ್ತಿ ನಾರಾಯಣನ್ 2022ರ ಡುರಾಂಡ್ ಕಪ್‌ನಲ್ಲಿ ಗಮನ ಸೆಳೆದು 2022-23ರ ಐಎಸ್‌ಎಲ್‌ನಲ್ಲಿ ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದರು.

ಒಂದು ಮೆಟ್ಟಿಲು ಕೆಳಗಿಳಿದು ಆಡುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಸುನಿಲ್ ಛೆಟ್ರಿ 2002ರಲ್ಲಿ ಮೋಹನ್ ಬಾಗಾನ್ ಸೇರಿದರು. 2005ರಲ್ಲಿ ಕೋಲ್ಕತ್ತದ ಆ ದೊಡ್ಡ ಕ್ಲಬ್ ಬಿಟ್ಟು ಪಂಜಾಬಿನ ಜೆಸಿಟಿಗೆ ಹೋಗಿ ಮೂರು ವರ್ಷ ಅಲ್ಲೇ ಆಡಿದರು. ಭಾರತದ ಪರ ಮೊದಲ ಪಂದ್ಯ, ಮೊದಲ ಗೋಲು ಎರಡೂ 2005ರವೇ. 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿ ವಿಜಾರ್ಡ್ಸ್ ಸೇರಿದಾಗ ಮಾತ್ರ ಲೀಗ್ ಪಂದ್ಯ ಆಡುವ ಅವಕಾಶವೇ ಸಿಗಲಿಲ್ಲ. ಅಷ್ಟೊತ್ತಿಗೆ ಅವರು ಪಳಗಿದ ಆಟಗಾರ, ತಡೆದುಕೊಂಡರು. 18ರ ಹುಡುಗ ಬೆಂಚ್ ಮೇಲೆ ಒಂದು ವರ್ಷ ಕಳೆದರೆ ಕಳೆದುಕೊಳ್ಳುವುದು ತುಂಬಾ ಜಾಸ್ತಿ.

ಸೀಸನ್‌ಗೆ 1,200 ನಿಮಿಷ, ಅಂದರೆ 13 ಪೂರ್ಣ ಪಂದ್ಯಗಳಷ್ಟು ಆಟ ಗುರಿಯಾಗಿರಲಿ. ಅದರಲ್ಲಿ ಅರ್ಧದಷ್ಟಾದರೂ ನಡುಮಧ್ಯದ ಸ್ಟ್ರೈಕರ್ ಜಾಗದಲ್ಲೇ ಇರಬೇಕು. ವಿಂಗ್‌ನಲ್ಲೂ ಆಡಲು ಕಲಿಯಿರಿ, ಅದರಿಂದ ತಂಡದ ಪಟ್ಟಿಯಲ್ಲಿ ಹೆಸರು ಉಳಿಯುತ್ತದೆ. ಆದರೆ ವರ್ಷಪೂರ್ತಿ ಟಚ್‌ಲೈನ್ ಪಕ್ಕದಲ್ಲೇ ಓಡಿದರೆ ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್ ಒಳಗಿನ ಅಭ್ಯಾಸ ತಪ್ಪಿಹೋಗುತ್ತದೆ.

ಟ್ರಯಲ್ಸ್

ಟ್ರಯಲ್ಸ್‌ನಲ್ಲಿ ನಿಮಗೆ ಸಿಗುವುದು 20-30 ನಿಮಿಷದ ಆಟ, ಅದೂ ಪರಿಚಯವೇ ಇಲ್ಲದ ಹುಡುಗರ ಜೊತೆ. ಅವರು ನಿಮಗೆ ಪಾಸ್ ಕೊಡುವುದಿಲ್ಲ, ಅವರಿಗೂ ಆಯ್ಕೆ ಆಗಬೇಕಲ್ಲ. ಆದ್ದರಿಂದ ಚೆಂಡಿಲ್ಲದಾಗ ಮಾಡುವ ಕೆಲಸವೇ ನಿಮ್ಮನ್ನು ತೋರಿಸುತ್ತದೆ. ಮೊದಲ ಐದು ನಿಮಿಷದಲ್ಲಿ ಎರಡು ಬಾರಿ ಡಿಫೆಂಡರ್ ಬೆನ್ನ ಹಿಂದಕ್ಕೆ ಪೂರ್ತಿ ವೇಗದಲ್ಲಿ ಓಡಿ. ಪಾಸ್ ಬರದಿದ್ದರೂ ಓಟವನ್ನು ಕೋಚ್ ಬರೆದುಕೊಳ್ಳುತ್ತಾರೆ. ಚೆಂಡು ಕಳೆದುಕೊಂಡ ಕೂಡಲೇ ಐದು ಸೆಕೆಂಡ್ ಬೆನ್ನಟ್ಟಿ. ನಿಮ್ಮ ಕಡೆಯ ಸೆಂಟರ್ ಮಿಡ್‌ಫೀಲ್ಡರ್ ಹೆಸರು ಕೇಳಿಕೊಂಡು ಹೆಸರು ಹಿಡಿದೇ ಕೂಗಿ, ಎರಡನೇ ಬಾರಿಗೆ ಅವನು ತಲೆಯೆತ್ತಿ ನಿಮ್ಮನ್ನೇ ಹುಡುಕುತ್ತಾನೆ. ಅರ್ಧ ಮೈದಾನದಿಂದ ಐದು ಜನರನ್ನು ಡ್ರಿಬಲ್ ಮಾಡಿಕೊಂಡು ಹೋಗಲು ನೋಡುವವರೇ ಬೇಗ ಮನೆಗೆ ಹೋಗುವವರು.

ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟ್ ಮೂರರಲ್ಲೂ ಹುಟ್ಟಿದ ತಾರೀಕು, ಹೆಸರಿನ ಸ್ಪೆಲಿಂಗ್ ಒಂದೇ ಇರಬೇಕು. ವಯೋಮಿತಿಯ ಟೂರ್ನಿಗಳಲ್ಲಿ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವುದುಂಟು. ವಯಸ್ಸು ಕಡಿಮೆ ತೋರಿಸಿ ಸಿಕ್ಕಿಬಿದ್ದರೆ ವೃತ್ತಿ ಶುರುವಾಗುವ ಮೊದಲೇ ಹೆಸರು ಕೆಡುತ್ತದೆ.

ಫಿನಿಷಿಂಗ್: ಬಾಕ್ಸ್ ಒಳಗಿನ ಒಂದು ಟಚ್

ಬಹುಪಾಲು ಗೋಲುಗಳು 16.5 ಮೀಟರ್‌ನ ಬಾಕ್ಸ್ ಒಳಗಿಂದಲೇ ಬರುತ್ತವೆ, ಅದರಲ್ಲೂ ಹೆಚ್ಚಿನವು ಒಂದೇ ಟಚ್‌ನಲ್ಲಿ. ಪೆನಾಲ್ಟಿಗಳಲ್ಲಿ ಹತ್ತಕ್ಕೆ ಏಳೆಂಟು ಗೋಲಾಗುತ್ತವೆ, ಆಟದ ನಡುವಿನ ಹೊಡೆತಗಳಲ್ಲಿ ಸುಮಾರು ಹತ್ತಕ್ಕೆ ಒಂದು. ಹಾಗಿದ್ದೂ ನಮ್ಮ ಮೈದಾನಗಳಲ್ಲಿ ಪ್ರ್ಯಾಕ್ಟೀಸ್ ಮುಗಿದ ಮೇಲೆ ಹುಡುಗರು ನಿಂತು 25 ಮೀಟರ್‌ನಿಂದ ಬಲವಾಗಿ ಹೊಡೆಯುತ್ತಾ ಇರುತ್ತಾರೆ. ತೊಡೆಸಂದು ನೋಯುವುದು ಬಿಟ್ಟರೆ ಅದರಿಂದ ಸಿಗುವುದು ಅಲ್ಪ.

ವಾರಕ್ಕೆ ಎರಡು ದಿನ, ದಿನಕ್ಕೆ 40 ನಿಮಿಷ, ಒಟ್ಟು 50-60 ಹೊಡೆತ ಸಾಕು. ಪಂದ್ಯದ ಹಿಂದಿನ ದಿನ 10-12ಕ್ಕಿಂತ ಹೆಚ್ಚು ಬೇಡ.

ಮೊದಲು ಕಟ್‌ಬ್ಯಾಕ್, ಅಂದರೆ ಗೋಲ್‌ಲೈನ್ ಹತ್ತಿರದಿಂದ ಹಿಂದಕ್ಕೆ ಬರುವ ಪಾಸ್. ಗೆಳೆಯನೊಬ್ಬ ಗೋಲ್‌ಲೈನ್ ಹತ್ತಿರ, ಸಿಕ್ಸ್ ಯಾರ್ಡ್ ಬಾಕ್ಸ್‌ನ ಮೂಲೆಯಿಂದ ನಾಲ್ಕೈದು ಮೀಟರ್ ಹೊರಗೆ ನಿಲ್ಲಲಿ. ಗೋಲಿನಿಂದ 9 ಮೀಟರ್ ದೂರದಲ್ಲಿ ಡಿಫೆಂಡರ್ ಬದಲು ಒಂದು ಕೋನ್ ಇಡಿ. ನೀವು ಬಾಕ್ಸ್ ಹೊರಗಿನ ಡಿ (ಅರ್ಧಚಂದ್ರದ ಗೆರೆ) ಹತ್ತಿರದಿಂದ ಹೊರಟು ನಿಯರ್ ಪೋಸ್ಟ್ (ಚೆಂಡಿರುವ ಬದಿಯ ಕಂಬ) ಕಡೆಗೆ ಮೂರು ಹೆಜ್ಜೆ ಜೋರಾಗಿ ಓಡಿ, ತಟ್ಟನೆ ತಡೆದು, ಪೆನಾಲ್ಟಿ ಸ್ಪಾಟ್ ಕಡೆ ಸರಿಯಿರಿ. ಚೆಂಡು ಕೋನ್ ಹಿಂದಿನಿಂದ ಉರುಳಿ ಬರುತ್ತದೆ. ಪಾದದ ಒಳಭಾಗದಿಂದ ಒಂದೇ ಟಚ್, ಗುರಿ ಕಂಬದಿಂದ ಒಂದು ಮೀಟರ್ ಒಳಗೆ, ನೆಲಮಟ್ಟದಲ್ಲಿ. ಒಂದು ಸೆಟ್‌ಗೆ 6 ಚೆಂಡು. ಎಡದಿಂದ ಎರಡು ಸೆಟ್, ಬಲದಿಂದ ಎರಡು. ಪ್ರತಿ ಹೊಡೆತದ ಬಳಿಕ ನಡೆದುಕೊಂಡೇ ವಾಪಸ್ ಬನ್ನಿ, ಸೆಟ್‌ಗಳ ನಡುವೆ ಎರಡು ನಿಮಿಷ ಬಿಡುವು. ಏದುಸಿರು ಬಿಡುತ್ತಾ ಹೊಡೆದರೆ ತಪ್ಪು ಅಭ್ಯಾಸವೇ ಮೈಗೂಡುತ್ತದೆ.

ಚೆಂಡು ಬಾರ್ ಮೇಲೆ ಹೋಗುತ್ತಿದ್ದರೆ ಹೊಡೆಯುವ ಕಾಲನ್ನು ಬೈಯಬೇಡಿ, ಊರಿದ ಕಾಲನ್ನು ನೋಡಿ. ಅದು ಚೆಂಡಿನ ಹಿಂದೆ ಉಳಿದಿದ್ದರೆ ಸೊಂಟ ಹಿಂದಕ್ಕೆ ವಾಲುತ್ತದೆ, ಚೆಂಡು ಎದ್ದುಹೋಗುತ್ತದೆ. ಊರುವ ಕಾಲು ಚೆಂಡಿನ ಪಕ್ಕಕ್ಕೆ, ಹೆಚ್ಚುಕಡಿಮೆ ಒಂದು ಗೇಣು ಅಂತರದಲ್ಲಿ ಇರಬೇಕು. ಉರುಳಿ ಬರುವ ಚೆಂಡಾದರೆ ಅದು ಈಗ ಇರುವ ಕಡೆ ಕಾಲಿಟ್ಟರೆ ಆಗಲಿಲ್ಲ, ಪಾದ ತಗಲುವ ಕ್ಷಣದಲ್ಲಿ ಎಲ್ಲಿರುತ್ತದೋ ಅಲ್ಲಿ ಊರಬೇಕು. ಬೆರಳುಗಳು ಗುರಿಯ ಕಡೆ, ಮಂಡಿ ಕೊಂಚ ಬಾಗಿ, ಎದೆ ಚೆಂಡಿನ ಮೇಲೆ. ಫೋನ್‌ನಲ್ಲಿ ಪಕ್ಕದಿಂದ ಸ್ಲೋಮೋಷನ್ ವಿಡಿಯೊ ತೆಗೆದರೆ ಇದು ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಬಾಕ್ಸ್‌ಗೆ ಬೇಗ ಬಂದು ನಿಂತುಬಿಡುವುದು. ನಿಂತವನನ್ನು ಹಿಡಿಯುವುದು ಡಿಫೆಂಡರ್‌ಗೆ ಸುಲಭ. ವಿಂಗರ್ ತಲೆ ತಗ್ಗಿಸಿ ಕಾಲು ಹಿಂದಕ್ಕೆ ಎತ್ತುವ ಕ್ಷಣವೇ ನಿಮ್ಮ ಕೊನೆಯ ಓಟ ಶುರುವಾಗಬೇಕಾದ ಕ್ಷಣ.

ಆಮೇಲೆ 12 ಕ್ರಾಸ್, ಎಲ್ಲಕ್ಕೂ ನಿಯರ್ ಪೋಸ್ಟ್‌ಗೆ ನುಗ್ಗಿ. ಇನ್ನು 12 ಚೆಂಡು ಥ್ರೂ ಪಾಸ್ (ಡಿಫೆಂಡರ್‌ಗಳ ನಡುವಿಂದ ಹಿಂದಕ್ಕೆ ಬರುವ ಪಾಸ್), ಗೋಲ್‌ಕೀಪರ್ ಎದುರು ಒಬ್ಬರೇ. ಅವನು ಮುಂದೆ ಬರುತ್ತಿದ್ದರೆ ಅವನು ನಿಲ್ಲುವ ಮೊದಲೇ ಹೊಡೆಯಿರಿ. ಓಡುತ್ತಿರುವ ಕೀಪರ್‌ಗೆ ಪಕ್ಕಕ್ಕೆ ಬೀಳುವುದು ಕಷ್ಟ. ಪ್ರತಿ ಭಾಗದಲ್ಲೂ ಮೂರನೇ ಒಂದು ಪಾಲು ದುರ್ಬಲ ಕಾಲಿಗೆ ಮೀಸಲು. ಹೆಡ್ಡಿಂಗ್ ಒಂದು ದಿನಕ್ಕೆ ಹತ್ತು ಸಾಕು, ತಂತ್ರ ಕಲಿಯುವಾಗ ಹಗುರ ಚೆಂಡು ಬಳಸಿ.

ಆಫ್‌ಸೈಡ್‌ಗೆ ಪದೇಪದೇ ಸಿಕ್ಕಿಬೀಳುವವರು ಸಾಮಾನ್ಯವಾಗಿ ನೆಟ್ಟಗೆ ಗೋಲಿನ ಕಡೆಗೆ ಓಡುವವರು. ಮೈಯನ್ನು ಅರ್ಧ ಪಕ್ಕಕ್ಕೆ ತಿರುಗಿಸಿ, ಡಿಫೆನ್ಸ್ ಲೈನ್‌ಗೆ ಸಮಾನಾಂತರವಾಗಿ ಮೂರ್ನಾಲ್ಕು ಮೀಟರ್ ಸರಿದು, ಪಾಸ್ ಹೊರಟ ಮೇಲೆ ಬಾಗಿದ ದಾರಿಯಲ್ಲಿ ಒಳನುಗ್ಗಿ. ಥ್ರೋಇನ್, ಗೋಲ್‌ಕಿಕ್, ಕಾರ್ನರ್‌ನಿಂದ ನೇರವಾಗಿ ಬಂದ ಚೆಂಡಿಗೆ ಆಫ್‌ಸೈಡ್ ಇಲ್ಲ ಎಂಬುದನ್ನು ಬಳಸಿಕೊಳ್ಳುವವರು ನಮ್ಮಲ್ಲಿ ಕಡಿಮೆ. ಥ್ರೋಇನ್ ಆಗುವಾಗ ಕೊನೆಯ ಡಿಫೆಂಡರ್ ಹಿಂದೆ ಹೋಗಿ ನಿಲ್ಲಿ, ಅವನಿಗೆ ನಿಮ್ಮನ್ನೂ ಚೆಂಡನ್ನೂ ಒಟ್ಟಿಗೆ ನೋಡಲಾಗುವುದಿಲ್ಲ.

ಗೋಲಿಗೆ ಬೆನ್ನು ಮಾಡಿ ಚೆಂಡು ಪಡೆಯುವಾಗ, ಅದು ಬರುವ ಮೊದಲೇ ಡಿಫೆಂಡರ್‌ಗೆ ಒರಗಿ, ಸೊಂಟ ತಗ್ಗಿಸಿ, ಮುಂಗೈಯಿಂದ ಅವನು ಎಲ್ಲಿದ್ದಾನೆಂದು ಅರಿಯಿರಿ. ಕೈಯಿಂದ ತಳ್ಳಿದರೆ ಫೌಲ್.

ಮೈ ಕಾಪಾಡಿಕೊಳ್ಳುವುದು

ಅಕಾಡೆಮಿಯಿಂದ ಸೀನಿಯರ್ ತಂಡಕ್ಕೆ ಹೋದ ಮೊದಲ ಎರಡು ಮೂರು ತಿಂಗಳು ಅಪಾಯದ ಕಾಲ. ವೇಗ ಏರುತ್ತದೆ, ಪಂದ್ಯ ಹೆಚ್ಚುತ್ತದೆ, ಹುಡುಗ ಉತ್ಸಾಹಕ್ಕೆ ಹೆಚ್ಚುವರಿ ಓಟವನ್ನೂ ಸೇರಿಸುತ್ತಾನೆ. ಮೊದಲು ಹೋಗುವುದು ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು), ಆಮೇಲೆ ತೊಡೆಸಂದು.

ಫಿಫಾದ 11+ ವಾರ್ಮ್‌ಅಪ್ 20 ನಿಮಿಷದ್ದು: 8 ನಿಮಿಷ ಓಟ, 10 ನಿಮಿಷ ಬಲ, ನೆಗೆತ, ಸಮತೋಲನ, 2 ನಿಮಿಷ ವೇಗದ ಓಟ. ಉಪಕರಣ ಏನೂ ಬೇಡ, ವಾರಕ್ಕೆ ಎರಡು ಬಾರಿಯಾದರೂ ಪೂರ್ತಿ ಮಾಡಿ. ಅದರಲ್ಲಿ ಬರುವ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ವ್ಯಾಯಾಮವನ್ನು (ಮಂಡಿಯೂರಿ, ಗೆಳೆಯ ಕಣಕಾಲು ಹಿಡಿದಿರುವಾಗ ಮೈಯನ್ನು ನಿಧಾನಕ್ಕೆ ಮುಂದಕ್ಕೆ ಬಾಗಿಸುವುದು) 3-5 ಸಲದಿಂದ ಶುರುಮಾಡಿ, ವಾರಗಳು ಕಳೆದಂತೆ 7-10ಕ್ಕೆ, ನಂತರ 12-15ಕ್ಕೆ ಏರಿಸಿ. ಮೊದಲ ದಿನವೇ 15 ಮಾಡಿದವರು ಮೂರು ದಿನ ಮೆಟ್ಟಿಲು ಇಳಿಯಲಾರರು, ಆಮೇಲೆ ಆ ವ್ಯಾಯಾಮವನ್ನೇ ಬಿಟ್ಟುಬಿಡುತ್ತಾರೆ. ಹುಡುಗಿಯರಲ್ಲಿ ಮಂಡಿಯ ಎಸಿಎಲ್ (ಮಂಡಿಯನ್ನು ಹಿಡಿದಿಡುವ ಅಸ್ಥಿರಜ್ಜು) ಗಾಯದ ಅಪಾಯ ಹುಡುಗರಿಗಿಂತ ಹೆಚ್ಚು. ಅವರು ಈ ವಾರ್ಮ್‌ಅಪ್ ತಪ್ಪಿಸಲೇಬಾರದು.

ಬೆಂಗಳೂರಿನಲ್ಲಿ ಅಶೋಕನಗರದ ಸ್ಟೇಡಿಯಂ ಸೇರಿ ಹಲವೆಡೆ ಕೃತಕ ಟರ್ಫ್ ಇದೆ. ಅಲ್ಲಿ ಉದ್ದ ಸ್ಟಡ್‌ನ ಬೂಟ್ ಹಾಕಿದರೆ ಪಾದ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ಎಜಿ ಎಂದು ಗುರುತಿರುವ, ಗಿಡ್ಡ ದುಂಡು ಸ್ಟಡ್‌ಗಳ ಬೂಟ್ ತೆಗೆದುಕೊಳ್ಳಿ. ಗಟ್ಟಿ ಮಣ್ಣಿನ ಮೈದಾನಕ್ಕೆ ಟಿಎಫ್ ಎಂದು ಗುರುತಿರುವ, ತೀರಾ ಗಿಡ್ಡ ಗುಬ್ಬಿಗಳು ಒತ್ತಾಗಿರುವ ಸೋಲ್ ಸಾಕು.

ಪ್ರ್ಯಾಕ್ಟೀಸ್‌ಗೆ ಮುಂಚೆ, ಆಮೇಲೆ ತೂಕ ನೋಡಿ. ಒಂದು ಕೆಜಿ ಇಳಿದಿದ್ದರೆ ಒಂದೂಕಾಲರಿಂದ ಒಂದೂವರೆ ಲೀಟರ್ ನೀರು ಮುಂದಿನ ಕೆಲವು ಗಂಟೆಗಳಲ್ಲಿ ಬೇಕು, ಚಿಟಿಕೆ ಉಪ್ಪಿನ ಜೊತೆ. ಪಂದ್ಯಕ್ಕೆ ಮೂರು ಗಂಟೆ ಮೊದಲು ಅನ್ನ ಅಥವಾ ಇಡ್ಲಿ, ಕಡಿಮೆ ಎಣ್ಣೆ. ಮುದ್ದೆ ಒಳ್ಳೆಯದೇ, ಆದರೆ ಹೊಟ್ಟೆಯಲ್ಲಿ ನಿಧಾನ. ಅದು ಪಂದ್ಯದ ಹಿಂದಿನ ದಿನಕ್ಕಿರಲಿ.

ಗೋಲು ನಿಂತಾಗ

ಪ್ರತಿ ಪಂದ್ಯದ ರಾತ್ರಿ ನೋಟ್‌ಬುಕ್‌ನಲ್ಲಿ ನಾಲ್ಕು ಸಂಖ್ಯೆ ಬರೆಯಿರಿ: ಆಡಿದ ನಿಮಿಷ, ಬಾಕ್ಸ್ ಒಳಗಿನ ಟಚ್, ಹೊಡೆತ, ಗೋಲ್‌ಪೋಸ್ಟ್ ಒಳಗೆ ಹೋಗುವಂತಿದ್ದ ಹೊಡೆತ. ಐದಾರು ಪಂದ್ಯ ಗೋಲಿಲ್ಲದೆ ಹೋದಾಗ ಈ ಪುಟಗಳೇ ದಾರಿ ಹೇಳುತ್ತವೆ. ಪಂದ್ಯಕ್ಕೆ ಮೂರ್ನಾಲ್ಕು ಹೊಡೆತ ಬರುತ್ತಲೇ ಇದ್ದರೆ ಏನನ್ನೂ ಬದಲಿಸಬೇಡಿ, ಗೋಲು ಬರುತ್ತದೆ. ಹೊಡೆತ ಇದ್ದು ಎಲ್ಲವೂ ಆಚೆ ಹೋಗುತ್ತಿದ್ದರೆ ಊರುವ ಕಾಲಿನ ವಿಡಿಯೊಗೆ ವಾಪಸ್ ಬನ್ನಿ. ಹೊಡೆತವೇ ಇಲ್ಲದಿದ್ದರೆ ತೊಂದರೆ ಫಿನಿಷಿಂಗ್‌ನದ್ದಲ್ಲ, ಓಟದ್ದು ಅಥವಾ ತಂಡ ಆಡುವ ರೀತಿಯದ್ದು. ಕೋಚ್ ಜೊತೆ ಕುಳಿತು ವಿಡಿಯೊ ನೋಡಿ. ಬಾಕ್ಸ್‌ನಲ್ಲಿ ಅವಕಾಶ ಸಿಗುತ್ತಿಲ್ಲವೆಂದು ಚೆಂಡು ಹುಡುಕಿಕೊಂಡು ಅರ್ಧ ಮೈದಾನಕ್ಕೆ ಇಳಿದುಬರುವುದು ಯುವಕರು ಮಾಡುವ ದೊಡ್ಡ ತಪ್ಪು. ಟಚ್ ಹೆಚ್ಚುತ್ತದೆ, ಗೋಲು ಇನ್ನೂ ದೂರವಾಗುತ್ತದೆ.

ಒಪ್ಪಂದ

ಫಿಫಾ ನಿಯಮದಂತೆ 18 ತುಂಬದವರ ಒಪ್ಪಂದ ಮೂರು ವರ್ಷ ಮೀರುವಂತಿಲ್ಲ. ಅದರ ಮೇಲಿನವರಿಗೆ ಸಾಮಾನ್ಯವಾಗಿ ಐದು ವರ್ಷವೇ ಮಿತಿ. ಒಪ್ಪಂದ ಮುಗಿಯಲು ಆರು ತಿಂಗಳೊಳಗೆ ಇದ್ದಾಗ ಬೇರೆ ಕ್ಲಬ್ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಎರಡು ತಿಂಗಳ ಸಂಬಳ ಬಾಕಿಯಾದರೆ ಕ್ಲಬ್‌ಗೆ ಬರಹದಲ್ಲಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಗಡುವು ನೀಡಿ, ಆಗಲೂ ಕೊಡದಿದ್ದರೆ ಒಪ್ಪಂದ ಮುರಿಯುವ ಹಕ್ಕಿದೆ. ಫೋನ್‌ನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಇಮೇಲ್ ಇರಲಿ.

ಸಹಿ ಹಾಕುವ ಮೊದಲು ಹುಡುಕಬೇಕಾದ ಸಾಲುಗಳು: ಗಾಯವಾದರೆ ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಫಿಸಿಯೊ ಖರ್ಚು ಯಾರದ್ದು, ಆಗ ಸಂಬಳ ನಿಲ್ಲುತ್ತದೆಯೇ, ಒಪ್ಪಂದ ಮುಂದುವರಿಸುವ ಆಯ್ಕೆ ಕ್ಲಬ್ ಒಂದರ ಕೈಯಲ್ಲೇ ಇದೆಯೇ, ಲೋನ್ ಮೇಲೆ (ಕೆಲಕಾಲಕ್ಕೆ ಬೇರೆ ಕ್ಲಬ್‌ಗೆ) ಹೋದಾಗ ಸಂಬಳ ಕೊಡುವವರು ಯಾರು. ಸಹಿಯಾದ ಪ್ರತಿಯನ್ನು ಅಂದೇ ಪಡೆಯಿರಿ. ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಆಟಗಾರರ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ನಲ್ಲಿ ನೋಂದಣಿ ಆಗಿದೆಯೇ ನೋಡಿ, ಅದಿಲ್ಲದೆ ಪಂದ್ಯಕ್ಕೆ ಇಳಿಯುವಂತಿಲ್ಲ. ಏಜೆಂಟ್ ಇದ್ದರೆ ಫಿಫಾ ಪರವಾನಗಿ ತೋರಿಸಲಿ. 18ರ ಒಳಗಿನವರ ಜೊತೆ ವ್ಯವಹರಿಸಲು ಪೋಷಕರ ಲಿಖಿತ ಒಪ್ಪಿಗೆ ಬೇಕು. ಕೆಲವು ಅಪವಾದ ಬಿಟ್ಟರೆ 18 ತುಂಬದವರ ಅಂತರರಾಷ್ಟ್ರೀಯ ವರ್ಗಾವಣೆಗೆ ಅವಕಾಶವೇ ಇಲ್ಲ. ಹಾಗಾಗಿ 16ರ ಮಗನನ್ನು ಯುರೋಪಿನ ಕ್ಲಬ್‌ಗೆ ಸೇರಿಸುತ್ತೇವೆ, ಮೊದಲು ಇಷ್ಟು ಲಕ್ಷ ಕಟ್ಟಿ ಎನ್ನುವವರಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಎರಡನೇ ಸೀಸನ್ ಮುಗಿದಾಗ ನೋಟ್‌ಬುಕ್‌ನ ನಿಮಿಷಗಳನ್ನು ಕೂಡಿಸಿ. 1,200ಕ್ಕೆ ಹತ್ತಿರವಿದ್ದರೆ ಅಲ್ಲೇ ಉಳಿಯಿರಿ. 500ರ ಆಸುಪಾಸಿನಲ್ಲಿದ್ದರೆ ಮುಂದಿನ ವರ್ಗಾವಣೆ ವಿಂಡೊ (ಆಟಗಾರರು ಕ್ಲಬ್ ಬದಲಿಸಬಹುದಾದ ಅವಧಿ) ತೆರೆಯುವ ಒಂದು ತಿಂಗಳು ಮೊದಲೇ ಕ್ಲಬ್‌ಗೆ ಬರೆದು ಲೋನ್ ಕೇಳಿ. ಯಾವ ತಂಡಕ್ಕೆ ಸ್ಟ್ರೈಕರ್ ಬೇಕಾಗಿದೆ ಎಂದು ಅಷ್ಟರಲ್ಲಿ ನೀವೇ ವಿಚಾರಿಸಿ, ಎರಡು ಮೂರು ಹೆಸರನ್ನು ಪತ್ರದಲ್ಲೇ ಸೇರಿಸಿ. ಜೊತೆಗೆ ನಾಲ್ಕು ನಿಮಿಷದ ವಿಡಿಯೊ ಇರಲಿ, ಅದರಲ್ಲಿ ಗೋಲುಗಳಷ್ಟೇ ಅಲ್ಲದೆ ಪಾಸ್ ಬಾರದೆ ಹೋದ ಓಟಗಳೂ ಕಾಣಲಿ.